ಆನ್‌ಲೈನ್ ಆಟದಲ್ಲಿ ಮೋಸದ ಆರೋಪ: ಪ್ರಾಮಾಣಿಕತೆಗೆ ಪುರಾವೆ ಯಾವುದು?

ವ್ಯಾಪಾರಿಗೆ ಬಂಡವಾಳಕ್ಕಿಂತ ಹೆಚ್ಚಿನ ಆಸ್ತಿ ಅವನ ಹೆಸರು. ಗಂಜಿನಲ್ಲಿ ಒಮ್ಮೆ ‘ತೂಕದಲ್ಲಿ ಮೋಸ ಮಾಡುವವನು’ ಎಂಬ ಮಾತು ಹರಡಿತೆಂದರೆ ಅದನ್ನು ಅಳಿಸಲು ಹಲವು ಹಂಗಾಮುಗಳೇ ಬೇಕಾಗುತ್ತವೆ. ‘ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ’ ಎಂಬ ಗಾದೆ ಎಲ್ಲರಿಗೂ ತಿಳಿದಿದೆ. ಆದರೆ ಕುಂಬಳಕಾಯಿಯನ್ನು ಮುಟ್ಟದೇ ಇದ್ದವನು ತನ್ನ ಪ್ರಾಮಾಣಿಕತೆಯನ್ನು ಹೇಗೆ ರುಜುವಾತುಪಡಿಸಬೇಕು ಎಂಬುದಕ್ಕೆ ಆ ಗಾದೆಯಲ್ಲಿ ಉತ್ತರವಿಲ್ಲ. ಈ ಪ್ರಶ್ನೆ ಇಂದು ಅತ್ಯಂತ ಸ್ಪಷ್ಟವಾಗಿ ಎದುರಾಗಿರುವುದು ಆನ್‌ಲೈನ್ ಆಟಗಳ ಕ್ಷೇತ್ರದಲ್ಲಿ.

ಆಟಕ್ಕೂ ವಾಣಿಜ್ಯ ಪತ್ರಿಕೆಗೂ ಏನು ಸಂಬಂಧ ಎಂದು ಓದುಗರಿಗೆ ಅನಿಸಬಹುದು. ಸಂಬಂಧ ಹತ್ತಿರದ್ದೇ ಆಗಿದೆ. ಆನ್‌ಲೈನ್ ಚದುರಂಗದಲ್ಲಿ ಎದುರಾಳಿಯ ಮುಖ ಕಾಣುವುದಿಲ್ಲ. ಆಡಿದ ನಡೆಗಳ ದಾಖಲೆ ಮಾತ್ರ ಉಳಿಯುತ್ತದೆ. ಕಲಬುರಗಿಯ ತೊಗರಿ ವ್ಯಾಪಾರಿಯ ಮತ್ತು ಕಮಲಾಪುರದ ಕೆಂಪು ಬಾಳೆಯ ವ್ಯಾಪಾರಿಯ ವಹಿವಾಟು ಕೂಡ ಇಂದು ಬಹುಪಾಲು ಹಾಗೆಯೇ ನಡೆಯುತ್ತಿದೆ. ಆನ್‌ಲೈನ್ ಟೆಂಡರ್, ಇ-ವೇ ಬಿಲ್, ಯುಪಿಐ ಪಾವತಿ, ವಾಟ್ಸಾಪ್‌ನಲ್ಲಿ ಬಂದ ಆರ್ಡರ್ ಇವೆಲ್ಲ ಮುಖ ಕಾಣದ ವ್ಯವಹಾರಗಳೇ. ಆದ್ದರಿಂದ ಆಟದ ಕ್ಷೇತ್ರವು ಕಷ್ಟಪಟ್ಟು ಕಲಿತ ಪಾಠ ವಾಣಿಜ್ಯಕ್ಕೂ ಅನ್ವಯಿಸುತ್ತದೆ.

ಬೆಂಗಳೂರಿನ ಉದ್ಯಮಿಯ ಪ್ರಕರಣ

ಜೂನ್ 13, 2021ರಂದು ಕೋವಿಡ್ ಪರಿಹಾರಕ್ಕೆ ಹಣ ಸಂಗ್ರಹಿಸುವ ಸಲುವಾಗಿ ಚೆಸ್ ಡಾಟ್ ಕಾಮ್ ತಾಣದಲ್ಲಿ ಒಂದು ಪ್ರದರ್ಶನ ಪಂದ್ಯ ಏರ್ಪಟ್ಟಿತ್ತು. ಐದು ಬಾರಿ ವಿಶ್ವ ಚಾಂಪಿಯನ್ ಆದ ವಿಶ್ವನಾಥನ್ ಆನಂದ್ ಅವರು ನಟ ಆಮಿರ್ ಖಾನ್, ಕನ್ನಡದ ಸುದೀಪ್ ಮೊದಲಾದ ಗಣ್ಯರೊಂದಿಗೆ ಆಡಿದರು. ಅವರಲ್ಲಿ ಬೆಂಗಳೂರಿನ ಝೆರೋಧಾ ಸಂಸ್ಥೆಯ ಸಹಸಂಸ್ಥಾಪಕ ನಿಖಿಲ್ ಕಾಮತ್ ಅವರು ಆನಂದ್ ಅವರನ್ನು ಸೋಲಿಸಿದಾಗ ಚದುರಂಗ ಬಲ್ಲವರು ಕೂಡಲೇ ಸಂಶಯ ವ್ಯಕ್ತಪಡಿಸಿದರು. ಹವ್ಯಾಸಿ ಆಟಗಾರನ ನಡೆಗಳು ಕಂಪ್ಯೂಟರಿನ ನಡೆಗಳಿಗೆ ಬಹಳ ಸಮೀಪವಾಗಿದ್ದುದೇ ಅದಕ್ಕೆ ಕಾರಣ.

ಮರುದಿನವೇ ಕಾಮತ್ ಅವರು ಆಟವನ್ನು ವಿಶ್ಲೇಷಿಸುತ್ತಿದ್ದವರ ಹಾಗೂ ಕಂಪ್ಯೂಟರಿನ ನೆರವು ಪಡೆದಿದ್ದುದನ್ನು ಒಪ್ಪಿಕೊಂಡು ಸಾರ್ವಜನಿಕವಾಗಿ ಕ್ಷಮೆ ಕೋರಿದರು. ತಾವು ಹಲಗೆಯ ಮೇಲಿದ್ದ ಸ್ಥಿತಿಯನ್ನಷ್ಟೇ ನೋಡಿ ಆಡಿದ್ದು, ಇತರರಿಂದಲೂ ಅದನ್ನೇ ನಿರೀಕ್ಷಿಸಿದ್ದಾಗಿ ಆನಂದ್ ತಿಳಿಸಿದರು. ತಾಣವು ಕಾಮತ್ ಅವರ ಖಾತೆಯನ್ನು ಮುಚ್ಚಿ, ಆನಂತರ ಮತ್ತೆ ತೆರೆಯಿತು. ತಪ್ಪೊಪ್ಪಿಗೆ ಇದ್ದುದರಿಂದ ಈ ಪ್ರಕರಣ ಎರಡೇ ದಿನಗಳಲ್ಲಿ ಇತ್ಯರ್ಥವಾಯಿತು. ಒಪ್ಪಿಗೆ ಇಲ್ಲದಿದ್ದಾಗ, ಅಥವಾ ಆರೋಪವೇ ಸುಳ್ಳಾಗಿದ್ದಾಗ ಏನಾಗುತ್ತದೆ ಎಂಬುದು ನಿಜವಾದ ಪ್ರಶ್ನೆ.

ಯಂತ್ರವು ಸಂಶಯಿಸುವ ಬಗೆ

ಇಂದಿನ ಸಾಧಾರಣ ಮೊಬೈಲಿನಲ್ಲಿರುವ ಚದುರಂಗದ ತಂತ್ರಾಂಶವೂ ವಿಶ್ವ ಚಾಂಪಿಯನ್ನನಿಗಿಂತ ಬಲಶಾಲಿ. ಆದ್ದರಿಂದ ತಾಣಗಳು ಪ್ರತಿಯೊಬ್ಬ ಆಟಗಾರನ ನಡೆಗಳನ್ನು ತಂತ್ರಾಂಶದ ನಡೆಗಳೊಂದಿಗೆ ಹೋಲಿಸುತ್ತವೆ. ಆಟಗಾರನ ಶ್ರೇಯಾಂಕಕ್ಕೆ ತಕ್ಕ ತಪ್ಪುಗಳು ಎಷ್ಟು, ನಿಜಕ್ಕೂ ಆಗಿರುವ ತಪ್ಪುಗಳು ಎಷ್ಟು ಎಂದು ಲೆಕ್ಕ ಹಾಕುತ್ತವೆ. ಸುಲಭವಾದ ನಡೆಗೂ ಕಠಿಣವಾದ ನಡೆಗೂ ಒಂದೇ ಪ್ರಮಾಣದ ಸಮಯ ತೆಗೆದುಕೊಂಡಿದ್ದರೆ ಅದೂ ಸಂಶಯಕ್ಕೆ ಎಡೆ ಕೊಡುತ್ತದೆ. ಮನುಷ್ಯನು ಸುಲಭವಾದುದನ್ನು ಬೇಗ, ಕಠಿಣವಾದುದನ್ನು ತಡವಾಗಿ ಆಡುವುದು ಸಹಜ.

ಲೆಕ್ಕಪರಿಶೋಧನೆಯಲ್ಲಿ ಇದಕ್ಕೆ ಸಮಾನವಾದ ಕ್ರಮವೊಂದಿದೆ. ದಾಲ್ ಮಿಲ್ಲಿನಲ್ಲಿ ಒಂದು ಕ್ವಿಂಟಾಲ್ ತೊಗರಿಗೆ ಬಂದ ಬೇಳೆ, ಚುನ್ನಿ, ಹೊಟ್ಟಿನ ಪ್ರಮಾಣವನ್ನು ಹಿಂದಿನ ವರ್ಷಗಳೊಂದಿಗೆ ಹಾಗೂ ಇತರ ಮಿಲ್ಲುಗಳೊಂದಿಗೆ ಹೋಲಿಸುವುದು ರೂಢಿ. ವ್ಯತ್ಯಾಸ ಕಂಡರೆ ಪ್ರಶ್ನೆ ಕೇಳಬೇಕು. ಆದರೆ ವ್ಯತ್ಯಾಸವೇ ಅಪರಾಧವಾಗುವುದಿಲ್ಲ. ಕಾಳು ಒಳ್ಳೆಯದಿರಬಹುದು, ಯಂತ್ರ ಹೊಸದಿರಬಹುದು. ಸಣ್ಣ ಕೈಗಾರಿಕೆಗಳಿಗೆ ಪರಿಚಿತವಾದ ಆರ್.ಎ. ಕಾಸ್ಟಿಂಗ್ಸ್ ಪ್ರಕರಣದಲ್ಲಿ ಅಲಹಾಬಾದ್ ಹೈಕೋರ್ಟು 2010ರಲ್ಲಿ ಎತ್ತಿಹಿಡಿದ ತತ್ತ್ವವೂ ಇದೇ ಆಗಿದೆ: ವಿದ್ಯುತ್ ಬಳಕೆ ಹೆಚ್ಚಿತ್ತು ಎಂಬ ಒಂದೇ ಕಾರಣದಿಂದ ಗುಪ್ತ ಉತ್ಪಾದನೆ ನಡೆದಿದೆಯೆಂದು ತೀರ್ಮಾನಿಸಲಾಗದು.

ಅಂಕಿ-ಅಂಶಗಳ ಮಿತಿ

ಸೆಪ್ಟೆಂಬರ್ 2022ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ನಡೆದ ಸಿಂಕ್‌ಫೀಲ್ಡ್ ಕಪ್ ಪಂದ್ಯಾವಳಿಯಲ್ಲಿ ಆಗಿನ ವಿಶ್ವ ಚಾಂಪಿಯನ್ ಮ್ಯಾಗ್ನಸ್ ಕಾರ್ಲ್‌ಸನ್ ಅವರು ಯುವ ಆಟಗಾರ ಹಾನ್ಸ್ ನೀಮನ್ ಅವರಿಗೆ ಸೋತು, ಪಂದ್ಯಾವಳಿಯಿಂದಲೇ ಹಿಂದೆ ಸರಿದರು. ಕೆಲವು ವಾರಗಳ ನಂತರ ಬಹಿರಂಗವಾಗಿಯೇ ಆರೋಪ ಮಾಡಿದರು. ನೀಮನ್ ಅವರು 12 ಹಾಗೂ 16ನೆಯ ವಯಸ್ಸಿನಲ್ಲಿ ಆನ್‌ಲೈನ್ ಆಟಗಳಲ್ಲಿ ಮೋಸ ಮಾಡಿದ್ದನ್ನು ಒಪ್ಪಿಕೊಂಡಿದ್ದರು. ಆದರೆ ಎದುರುಬದುರು ಕುಳಿತು ಆಡಿದ ಈ ಪಂದ್ಯದಲ್ಲಿ ತಾವು ಮೋಸ ಮಾಡಿಲ್ಲವೆಂದರು. ಅದೇ ಅಕ್ಟೋಬರ್‌ನಲ್ಲಿ ಚೆಸ್ ಡಾಟ್ ಕಾಮ್ ಪ್ರಕಟಿಸಿದ 72 ಪುಟಗಳ ವರದಿಯು ನೂರಕ್ಕೂ ಹೆಚ್ಚು ಆನ್‌ಲೈನ್ ಆಟಗಳಲ್ಲಿ ಅವರು ಮೋಸ ಮಾಡಿರುವ ಸಂಭವವಿದೆಯೆಂದು ಹೇಳಿತು. ಎದುರುಬದುರಿನ ಆಟಗಳ ಮಟ್ಟಿಗೆ ನೇರ ಪುರಾವೆ ದೊರೆತಿರಲಿಲ್ಲ. ಬಫಲೋ ವಿಶ್ವವಿದ್ಯಾಲಯದ ಗಣಕ ವಿಜ್ಞಾನಿ ಕೆನೆತ್ ರೀಗನ್ ಅವರ ಸಂಖ್ಯಾಶಾಸ್ತ್ರೀಯ ಪರಿಶೀಲನೆಯಲ್ಲಿಯೂ ಅಂತಹ ಮೋಸ ಕಂಡುಬರಲಿಲ್ಲ.

ನೀಮನ್ ಅವರು 10 ಕೋಟಿ ಡಾಲರ್ ಪರಿಹಾರ ಕೋರಿ ದಾವೆ ಹೂಡಿದರು. ಜೂನ್ 2023ರಲ್ಲಿ ನ್ಯಾಯಾಲಯವು ದಾವೆಯನ್ನು ವಜಾ ಮಾಡಿತು. ಆಗಸ್ಟ್‌ನಲ್ಲಿ ಉಭಯ ಪಕ್ಷಗಳು ರಾಜಿಯಾದವು. ಆ ಪಂದ್ಯಾವಳಿಯಲ್ಲಿ ಮೋಸ ನಡೆದುದಕ್ಕೆ ನಿರ್ಣಾಯಕ ಪುರಾವೆ ಇಲ್ಲವೆಂಬುದನ್ನು ಕಾರ್ಲ್‌ಸನ್ ಒಪ್ಪಿಕೊಂಡರು. ಸಕಾರಣವಿಲ್ಲದೆ ಪಂದ್ಯಾವಳಿ ತೊರೆದುದಕ್ಕಾಗಿ ಡಿಸೆಂಬರ್ 2023ರಲ್ಲಿ ವಿಶ್ವ ಚದುರಂಗ ಸಂಸ್ಥೆ ಫಿಡೆಯ ನೀತಿ ಮಂಡಳಿಯು ಅವರಿಗೆ 10,000 ಯೂರೋ ದಂಡ ವಿಧಿಸಿತು. ಇಲ್ಲಿ ಎರಡು ಅಂಶಗಳು ಗಮನಾರ್ಹ. ಹಿಂದಿನ ತಪ್ಪು ಮನುಷ್ಯನನ್ನು ಬೆನ್ನಟ್ಟಿ ಬರುತ್ತದೆ. ಆದರೆ ಹಿಂದಿನ ತಪ್ಪು ಇಂದಿನ ಆರೋಪಕ್ಕೆ ಪುರಾವೆಯಾಗುವುದಿಲ್ಲ.

ಮತ್ತೊಂದು ಪ್ರಕರಣ 2023ರ ನವೆಂಬರ್ ತಿಂಗಳಿನದು. ಹಿಕಾರು ನಕಾಮುರ ಅವರು ಆನ್‌ಲೈನ್‌ನಲ್ಲಿ 46 ಆಟಗಳ ಒಂದು ಸರಣಿಯಲ್ಲಿ 45.5 ಅಂಕ ಗಳಿಸಿದ್ದನ್ನು ಮಾಜಿ ವಿಶ್ವ ಚಾಂಪಿಯನ್ ವ್ಲಾದಿಮಿರ್ ಕ್ರಾಮ್ನಿಕ್ ಪ್ರಶ್ನಿಸಿದರು. ಹೀಗೆ ಪ್ರಶ್ನಿಸುವಾಗ ಮರೆಯಬಾರದ ಸಂಗತಿಯೊಂದಿದೆ. ಸಾವಿರಾರು ಆಟಗಳನ್ನು ಆಡಿದ ಬಲಿಷ್ಠ ಆಟಗಾರನು ತನಗಿಂತ ದುರ್ಬಲರನ್ನು ಎದುರಿಸಿದಾಗ ಇಂತಹ ಸರಣಿ ಎಲ್ಲಾದರೊಮ್ಮೆ ಬಂದೇ ಬರುತ್ತದೆ. ತಾಣವು ಪರಿಶೀಲಿಸಿ, ಅದರಲ್ಲಿ ಅಸಂಭವವಾದುದೇನೂ ಇಲ್ಲವೆಂದು ತಿಳಿಸಿತು. ವರ್ಷದ ಹನ್ನೆರಡು ತಿಂಗಳಲ್ಲಿ ದೀಪಾವಳಿ ತಿಂಗಳ ಮಾರಾಟವನ್ನು ಮಾತ್ರ ಆರಿಸಿಕೊಂಡು, ಉಳಿದ ತಿಂಗಳುಗಳ ವಹಿವಾಟನ್ನು ಮುಚ್ಚಿಟ್ಟಿದ್ದಾರೆಂದು ಹೇಳಿದರೆ ಎಷ್ಟು ತಪ್ಪೋ ಇದೂ ಅಷ್ಟೇ ತಪ್ಪು.

ಒಂದೇ ಪಂದ್ಯಾವಳಿ, ಎರಡು ಮನವಿಗಳು

ಪುರಾವೆಯ ಬೆಲೆ ತಿಳಿಯಲು 2020ರ ಆನ್‌ಲೈನ್ ಚೆಸ್ ಒಲಿಂಪಿಯಾಡ್ ಉತ್ತಮ ಉದಾಹರಣೆ. ಇಲ್ಲಿ ಮೋಸದ ಆರೋಪವಿರಲಿಲ್ಲ. ಸೋಲು ತಮ್ಮ ತಪ್ಪಿನಿಂದಾದುದಲ್ಲ ಎಂದು ತೋರಿಸಬೇಕಾದ ಸಂದರ್ಭವಿತ್ತು. ಕ್ವಾರ್ಟರ್ ಫೈನಲ್‌ನಲ್ಲಿ ಭಾರತದ ವಿರುದ್ಧ ಆಡುತ್ತಿದ್ದ ಅರ್ಮೇನಿಯದ ಆಟಗಾರನ ಸಂಪರ್ಕ ಕಡಿತಗೊಂಡು ಆಟ ಕೈತಪ್ಪಿತು. ಅರ್ಮೇನಿಯದ ಮನವಿ ತಿರಸ್ಕೃತವಾಯಿತು. ತಂಡವು ಪ್ರತಿಭಟಿಸಿ ಹೊರನಡೆಯಿತು. ಆಗಸ್ಟ್ 30ರಂದು ರಷ್ಯಾದ ವಿರುದ್ಧ ನಡೆದ ಫೈನಲ್‌ನಲ್ಲಿ ಭಾರತದ ನಿಹಾಲ್ ಸರೀನ್ ಮತ್ತು ದಿವ್ಯಾ ದೇಶಮುಖ್ ಅವರ ಸಂಪರ್ಕವೂ ಹಾಗೆಯೇ ಕಡಿದುಹೋಯಿತು. ಭಾರತವೂ ಮನವಿ ಸಲ್ಲಿಸಿತು. ಆದರೆ ಆ ದಿನ ಜಗತ್ತಿನ ಅನೇಕ ಕಡೆ ಅಂತರಜಾಲ ಸೇವೆಯೇ ಏರುಪೇರಾಗಿದ್ದುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಫಿಡೆ ಅಧ್ಯಕ್ಷರು ಉಭಯ ತಂಡಗಳಿಗೂ ಚಿನ್ನದ ಪದಕ ಘೋಷಿಸಿದರು.

ಎರಡೂ ತಂಡಗಳು ಹೇಳಿದ್ದು ಬಹುಮಟ್ಟಿಗೆ ಒಂದೇ ಮಾತು. ಭಾರತದ ಮಾತಿಗೆ ಮೂರನೆಯವರ ಬಳಿಯೂ ದಾಖಲೆಯಿತ್ತು. ತನ್ನ ಪರವಾಗಿ ತಾನೇ ಹೇಳುವ ಮಾತಿಗಿಂತ, ಸಂಬಂಧವಿಲ್ಲದವನ ಬಳಿ ಆಗಲೇ ಉಳಿದಿರುವ ದಾಖಲೆಗೆ ತೂಕ ಹೆಚ್ಚು.

ಹಣವಿಟ್ಟು ಆಡುವ ಆಟಗಳು

ರಮ್ಮಿ ಮೊದಲಾದ ಆಟಗಳಲ್ಲಿ ಪ್ರಾಮಾಣಿಕತೆ ತೋರಿಸಬೇಕಾದ ಹೊಣೆ ಆಟ ನಡೆಸುವ ಕಂಪನಿಯ ಮೇಲೂ ಇತ್ತು. ಎಲೆಗಳನ್ನು ಕಲಸುವ ತಂತ್ರಾಂಶವು ನಿಷ್ಪಕ್ಷಪಾತವಾಗಿದೆಯೆಂದು ಹೊರಗಿನ ಪ್ರಯೋಗಾಲಯಗಳಿಂದ ಪ್ರಮಾಣಪತ್ರ ಪಡೆಯುವ ಪದ್ಧತಿ ಬಂದಿತು. ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರುವಂತೆಯೇ ಇದು. ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದು ಈ ಆಟಗಳನ್ನು ನಿಷೇಧಿಸಿತು. ಫೆಬ್ರವರಿ 14, 2022ರಂದು ರಾಜ್ಯ ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ಅಂಶಗಳನ್ನು ರದ್ದುಪಡಿಸಿತು. ಆಗಸ್ಟ್ 2025ರಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯಿದೆಯು ಇ-ಕ್ರೀಡೆಗಳನ್ನು ಪ್ರೋತ್ಸಾಹಿಸಿ, ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ವ್ಯಾಪಾರಸ್ಥರ ಮನೆಗಳಲ್ಲಿ ಮಕ್ಕಳಿಗೂ ಅಂಗಡಿಯ ನೌಕರರಿಗೂ ಈ ವ್ಯತ್ಯಾಸವನ್ನು ತಿಳಿಹೇಳುವುದು ಉಚಿತ.

ವ್ಯವಹಾರದಲ್ಲಿ ರುಜುವಾತಿನ ಹೊರೆ

ಆಟದಲ್ಲಿ ಆರೋಪಿಸಿದವನೇ ಪುರಾವೆ ಒದಗಿಸಬೇಕೆಂಬುದು ನ್ಯಾಯ. ತೆರಿಗೆ ಕಾನೂನಿನಲ್ಲಿ ಹಲವು ಸಲ ಹೊರೆ ವ್ಯಾಪಾರಿಯ ಮೇಲೆಯೇ ಇರುತ್ತದೆ. ಮಾರ್ಚ್ 13, 2023ರಂದು ಕರ್ನಾಟಕ ಸರ್ಕಾರ ಮತ್ತು ಇಕಾಮ್ ಗಿಲ್ ಕಾಫಿ ಟ್ರೇಡಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟಪಡಿಸಿತು. ರಾಜ್ಯದ ಮೌಲ್ಯವರ್ಧಿತ ತೆರಿಗೆ ಕಾಯಿದೆಯ 70ನೆಯ ಕಲಮಿನಂತೆ, ಹೂಡುವಳಿ ತೆರಿಗೆಯ ಜಮೆ ಕೇಳುವ ಖರೀದಿದಾರನೇ ವ್ಯವಹಾರ ನೈಜವೆಂದು ತೋರಿಸಬೇಕು. ಬಿಲ್ಲು ಮತ್ತು ಚೆಕ್ ಪಾವತಿ ಮಾತ್ರ ಸಾಲದು. ಮಾರಿದವನ ಹೆಸರು-ವಿಳಾಸ, ಸರಕು ಸಾಗಿಸಿದ ವಾಹನದ ವಿವರ, ಬಾಡಿಗೆ ಪಾವತಿ, ಸರಕು ತಲುಪಿದ್ದಕ್ಕೆ ಸ್ವೀಕೃತಿ ಇವೆಲ್ಲವೂ ಬೇಕು. ಜಿಎಸ್‌ಟಿ ಕಾಯಿದೆಯ 155ನೆಯ ಕಲಮೂ ಜಮೆ ಕೇಳುವವನ ಮೇಲೆಯೇ ರುಜುವಾತಿನ ಹೊರೆ ಹೊರಿಸುತ್ತದೆ.

ಜುಲೈ 2025ರಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಜಮೆಯ ಆಧಾರದ ಮೇಲೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳುಹಿಸಿದ್ದು ಎಲ್ಲರ ನೆನಪಿನಲ್ಲಿದೆ. ಬ್ಯಾಂಕಿಗೆ ಬಂದ ಹಣವೆಲ್ಲ ಮಾರಾಟವಲ್ಲ. ಕೈಗಡ, ಕುಟುಂಬದವರ ಹಣ, ತೆರಿಗೆ ವಿನಾಯಿತಿ ಇರುವ ಸರಕಿನ ಹಣ ಎಲ್ಲವೂ ಅದರಲ್ಲಿ ಸೇರಿರುತ್ತದೆ. ಆದರೆ ಯಾವುದು ಯಾವುದೆಂದು ಅಂದಂದೇ ಬರೆದಿಟ್ಟವನು ಮಾತ್ರ ಅದನ್ನು ಸುಲಭವಾಗಿ ಬಿಡಿಸಿ ತೋರಿಸಬಲ್ಲ.

ಕಾನೂನೂ ಬದಲಾಗಿದೆ. ಜುಲೈ 1, 2024ರಿಂದ ಜಾರಿಗೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ ವಿದ್ಯುನ್ಮಾನ ದಾಖಲೆಯನ್ನು ನ್ಯಾಯಾಲಯಕ್ಕೆ ಹಾಜರುಪಡಿಸುವಾಗ ಎರಡು ಭಾಗಗಳ ಪ್ರಮಾಣಪತ್ರ ಕೊಡಬೇಕು. ಒಂದನ್ನು ದಾಖಲೆ ಹಾಜರುಪಡಿಸುವವನು, ಇನ್ನೊಂದನ್ನು ತಜ್ಞನು ನೀಡಬೇಕು. ಅದೇ ಅಧಿನಿಯಮದ 28ನೆಯ ಕಲಮು ಕ್ರಮಬದ್ಧವಾಗಿ ಇಟ್ಟ ಲೆಕ್ಕಪುಸ್ತಕಗಳಿಗೆ ಸಾಕ್ಷ್ಯದ ಸ್ಥಾನ ಕೊಡುತ್ತದೆ. ಆದರೆ ಇನ್ನೊಬ್ಬನ ಮೇಲೆ ಹೊಣೆ ಹೊರಿಸಲು ಅದೊಂದೇ ಸಾಲದೆಂದೂ ಹೇಳುತ್ತದೆ. ಕಂಪನಿಗಳ ಲೆಕ್ಕದ ತಂತ್ರಾಂಶದಲ್ಲಿ ಪ್ರತಿ ಬದಲಾವಣೆಯ ಜಾಡು ಉಳಿಯಬೇಕೆಂಬ ನಿಯಮ ಏಪ್ರಿಲ್ 1, 2023ರಿಂದ ಇದೆ. ಮಾಲೀಕತ್ವದ ಹಾಗೂ ಪಾಲುದಾರಿಕೆಯ ಸಂಸ್ಥೆಗಳಿಗೆ ಇದು ಕಡ್ಡಾಯವಲ್ಲದಿದ್ದರೂ ಅನುಸರಿಸುವುದು ಹಿತಕರ.

ಕಮಲಾಪುರದಿಂದ ಹೈದರಾಬಾದಿಗೆ ಒಂದು ಲಾರಿ ಕೆಂಪು ಬಾಳೆ ಹೋಯಿತೆಂದು ಭಾವಿಸೋಣ. ತೂಕ ಕಡಿಮೆ ಇದೆ, ಬೇರೆ ಜಾತಿಯ ಹಣ್ಣು ಬೆರೆತಿದೆ ಎಂದು ಖರೀದಿದಾರನು ಮೂರು ದಿನಗಳ ನಂತರ ಹಣ ತಡೆಹಿಡಿದರೆ, ‘ನಮ್ಮದು ಮೂರು ತಲೆಮಾರಿನ ವ್ಯಾಪಾರ’ ಎಂಬ ಉತ್ತರ ಸಾಲದು. ಲಾರಿ ಹೊರಟ ದಿನದ ವೇ ಬ್ರಿಜ್ ಚೀಟಿ, ದಿನಾಂಕ-ಸಮಯ ಇರುವ ಚಿತ್ರಗಳು, ಬಿಲ್ಟಿ, ಯಾವ ತೋಟದ ಹಣ್ಣು ಎಂಬ ಖರೀದಿ ಚೀಟಿ ಇದ್ದರೆ ವಾದವೇ ಬೆಳೆಯುವುದಿಲ್ಲ.

ಪಾಲಿಸಬೇಕಾದ ಕ್ರಮಗಳು

1. ಆನ್‌ಲೈನ್ ಆಟವಾಡುವ ಯುವಕರು ಒಬ್ಬರಿಗೆ ಒಂದೇ ಖಾತೆ ಇಟ್ಟುಕೊಳ್ಳಬೇಕು. ತಮ್ಮ ಖಾತೆಯಲ್ಲಿ ಸ್ನೇಹಿತರಿಗೆ ಆಡಲು ಕೊಡಬಾರದು. ವ್ಯಾಪಾರದಲ್ಲಿಯೂ ಜಿಎಸ್‌ಟಿ ತಾಣದ ಹಾಗೂ ಲೆಕ್ಕದ ತಂತ್ರಾಂಶದ ಪಾಸ್‌ವರ್ಡ್ ಹಲವರ ಕೈಗೆ ಹೋಗಬಾರದು.

2. ಆಟ ನಡೆಯುವಾಗ ಅದೇ ಸಾಧನದಲ್ಲಿ ವಿಶ್ಲೇಷಣೆಯ ತಂತ್ರಾಂಶ ತೆರೆದಿರಬಾರದು. ಪ್ರಮುಖ ಪಂದ್ಯಗಳಲ್ಲಿ ಕ್ಯಾಮರಾ ಇಟ್ಟು ಚಿತ್ರೀಕರಿಸಿಕೊಳ್ಳುವುದು ಒಳ್ಳೆಯದು.

3. ಆರೋಪ ಬಂದಾಗ ಕೋಪದ ಉತ್ತರ ಬರೆಯಬಾರದು. ಯಾವ ಆಟ, ಯಾವ ದಿನ, ಯಾವ ಆಧಾರ ಎಂದು ಲಿಖಿತವಾಗಿ ಕೇಳಿ, ನಿಗದಿತ ಅವಧಿಯೊಳಗೆ ಮೇಲ್ಮನವಿ ಸಲ್ಲಿಸಬೇಕು. ಇಲಾಖೆಯ ನೋಟಿಸಿಗೂ ಇದೇ ಕ್ರಮ. ಉತ್ತರ ಕೊಡದೇ ಕುಳಿತರೆ ಏಕಪಕ್ಷೀಯ ಆದೇಶವಾಗುತ್ತದೆ.

4. ತೀರ್ಪುಗಾರರ ಸಮ್ಮುಖದಲ್ಲಿ ಆಡಿದ ಪಂದ್ಯಗಳ ಫಲಿತಾಂಶ, ಶ್ರೇಯಾಂಕ ಮುಂತಾದ ಸ್ವತಂತ್ರ ದಾಖಲೆಗಳನ್ನು ಒದಗಿಸಬೇಕು.

5. ಮೂಲ ಸಂದೇಶವನ್ನು ಅಳಿಸಬಾರದು. ಫೋನ್ ಬದಲಿಸುವಾಗ ವಾಟ್ಸಾಪ್ ಆರ್ಡರುಗಳ ನಕಲು ಉಳಿಸಿಕೊಳ್ಳಬೇಕು. ಜಿಎಸ್‌ಟಿಯಲ್ಲಿ ಲೆಕ್ಕಪತ್ರಗಳನ್ನು ವಾರ್ಷಿಕ ವಿವರಣಪತ್ರದ ಗಡುವು ದಿನದಿಂದ 72 ತಿಂಗಳು ಕಾಪಾಡಬೇಕು.

6. ತಾನು ಆರೋಪ ಮಾಡುವಾಗಲೂ ಇದೇ ಎಚ್ಚರ ಇರಬೇಕು. ಒಂದು ಲಾಟಿನ ಅನುಭವದಿಂದ ಅಡತಿಯವನನ್ನು ಕಳ್ಳನೆಂದು ಗಂಜಿನಲ್ಲಿ ಸಾರಿದರೆ, ನಾಳೆ ಅದು ಸುಳ್ಳೆಂದು ತಿಳಿದರೂ ಅವನ ಹೆಸರು ಮೊದಲಿನಂತಾಗದು.

ಆರೋಪ ಬಂದ ಮೇಲೆ ಸೃಷ್ಟಿಸಿದ ದಾಖಲೆಗೆ ಬೆಲೆಯಿಲ್ಲ. ಆರೋಪದ ಸುಳಿವೂ ಇಲ್ಲದ ದಿನ ಸಹಜವಾಗಿ ಬರೆದಿಟ್ಟ ಕಿರ್ದಿ, ಕತ್ತರಿಸಿದ ಚೀಟಿ, ಪಡೆದ ಸಹಿ ಇವೇ ಪ್ರಾಮಾಣಿಕನ ರಕ್ಷಣೆ. ಹಳೆಯ ತಲೆಮಾರಿನ ವರ್ತಕರು ಅಂಗಡಿಯ ಬಾಗಿಲು ಹಾಕುವ ಮೊದಲು ಅಂದಿನ ರೋಜು ಕಿರ್ದಿಯನ್ನು ಅಂದೇ ಮುಗಿಸುತ್ತಿದ್ದರು. ಇಂದು ಕಿರ್ದಿಯ ಸ್ಥಾನದಲ್ಲಿ ಕಂಪ್ಯೂಟರ್ ಬಂದಿದ್ದರೂ ಆ ಶಿಸ್ತಿಗೆ ಪರ್ಯಾಯವಿಲ್ಲ.