ದುಡ್ಡು ನಮ್ಮದು, ಕೀಲಿಕೈ ಅವರದು

2007ರ ಆಗಸ್ಟ್ 15ರಂದು ಗೂಗಲ್ ತನ್ನ ವಿಡಿಯೊ ಮಾರಾಟವನ್ನು ನಿಲ್ಲಿಸಿತು. ಅಂಗಡಿ ಮುಚ್ಚುವುದೇನೂ ಹೊಸದಲ್ಲ. ಆದರೆ ಇಲ್ಲಿ ಗಿರಾಕಿಗಳು ಅದಾಗಲೇ ಹಣ ತೆತ್ತು ಕೊಂಡಿದ್ದ ವಿಡಿಯೊಗಳೂ ಅಂಗಡಿಯ ಜೊತೆಗೇ ಸತ್ತವು. ತನ್ನದೇ ಪಾವತಿ ಸೇವೆಯಲ್ಲಿ ಖರ್ಚು ಮಾಡಬಹುದಾದ ಕ್ರೆಡಿಟ್ ಕೊಟ್ಟು ಸುಮ್ಮನಾಗಿಸಲು ನೋಡಿದ ಕಂಪನಿ, ಜನ ರೇಗಿದ ಮೇಲೆ ಹಣ ವಾಪಸು ಮಾಡಿತು. 2013ರಲ್ಲಿ ಬೆಂಗಳೂರಿನ ಫ್ಲಿಪ್‌ಕಾರ್ಟ್ ‘ಫ್ಲೈಟ್’ ಎಂಬ ತನ್ನ ಹಾಡಿನ ಅಂಗಡಿಯನ್ನು ಮುಚ್ಚಿದಾಗ ಹೀಗಾಗಲಿಲ್ಲ. ಅಲ್ಲಿ ಮಾರುತ್ತಿದ್ದದ್ದು ಬೀಗವಿಲ್ಲದ ಎಂಪಿ3 ಹಾಡುಗಳು. ಇಳಿಸಿಟ್ಟುಕೊಂಡವರಿಗೆ ಅವು ಅಂಗಡಿ ಹೋದ ಮೇಲೂ ದಕ್ಕಿದವು. ಕೊಂಡ ಸರಕು ಕೊಂಡವರ ಬಳಿ ಉಳಿಯುವುದೋ ಇಲ್ಲವೋ ಎಂಬುದನ್ನು ತೀರ್ಮಾನಿಸಿದ್ದು ಡಿಆರ್‌ಎಂ ಎಂಬ ಡಿಜಿಟಲ್ ಬೀಗ.

ಈ ಬೀಗ ಎಲ್ಲಿ ಕೂತಿರುತ್ತದೆ? ವಿಡಿಯೊ ಫೈಲಿನಲ್ಲಿ ಎರಡು ಭಾಗ. ಎಂಪಿ4, ಎಂಕೆವಿ ಮುಂತಾದವು ಹೊರಗಿನ ಡಬ್ಬಿ, ಒಳಗಿರುವುದು ಎಚ್.264ನಂಥ ಕೋಡೆಕ್ ಕುಗ್ಗಿಸಿಟ್ಟ ಚಿತ್ರ ಮತ್ತು ಧ್ವನಿ. ಡಬ್ಬಿಯನ್ನಷ್ಟೇ ಬದಲಿಸಿದರೆ ಚಿತ್ರದ ಗುಣಮಟ್ಟಕ್ಕೆ ಏನೂ ಆಗದು. ಒಳಗಿನದನ್ನು ಮತ್ತೆ ಕುಗ್ಗಿಸಿದರೆ ತುಸು ಕೆಡುತ್ತದೆ. ಹ್ಯಾಂಡ್‌ಬ್ರೇಕ್‌ನಂಥ ಉಚಿತ ತಂತ್ರಾಂಶ ಹೀಗೆ ಮತ್ತೆ ಕುಗ್ಗಿಸುವ ಪರಿವರ್ತನೆಯನ್ನು ಸಲೀಸಾಗಿ ಮಾಡುತ್ತದೆ. ಆದರೆ ಐಟ್ಯೂನ್ಸ್‌ನಲ್ಲಿ ಕೊಂಡ ಸಿನಿಮಾದ ಎಂ4ವಿ ಫೈಲನ್ನು ಕೊಟ್ಟರೆ ಅದು ಕೈಚೆಲ್ಲುತ್ತದೆ. ಎಂ4ವಿ ಹೆಚ್ಚುಕಡಿಮೆ ಎಂಪಿ4 ಡಬ್ಬಿಯೇ ಆದರೂ ಒಳಗಿನ ಚಿತ್ರ, ಧ್ವನಿಗಳನ್ನು ಆಪಲ್‌ನ ‘ಫೇರ್‌ಪ್ಲೇ’ ಗೂಢಲಿಪಿಗೆ ತಿರುಗಿಸಿರುತ್ತದೆ. ಅದನ್ನು ಬಿಡಿಸುವ ಕೀಲಿ ಕೊಂಡವರ ಖಾತೆಗೆ ಅಂಟಿಕೊಂಡಿರುತ್ತದೆ. ಫೈಲಿನ ಹೆಸರಿನ ಬಾಲವನ್ನು ತಿದ್ದಿದ ಮಾತ್ರಕ್ಕೆ ಅದು ತೆರೆದುಕೊಳ್ಳುವುದಿಲ್ಲ. ತಾಂತ್ರಿಕ ತೊಡಕಿನಂತೆ ಕಾಣುವುದು ನಿಜಕ್ಕೂ ಅನುಮತಿಯ ಪ್ರಶ್ನೆ.

ಬೀಗ ತೆಗೆದರೆ ಕಳ್ಳಪ್ರತಿಗಳ ಹಾವಳಿಯಾಗಿ ಚಿತ್ರೋದ್ಯಮ ಮುಳುಗುತ್ತದೆ ಎಂಬ ಆತಂಕವಿದೆ. ಪುಕ್ಕಟೆ ಪ್ರತಿ ಹಂಚುವವರಿಂದ ನಿರ್ಮಾಪಕರಿಗೆ ನಷ್ಟವಾಗುವುದು ನಿಜ. ಆದರೆ ಬೀಗ ತಡೆಯುತ್ತಿರುವುದು ಅವರನ್ನಲ್ಲ. ಡಿವಿಡಿಯ ಸಿಎಸ್‌ಎಸ್ ಬೀಗವನ್ನು ಮುರಿಯುವ ಡಿಸಿಎಸ್‌ಎಸ್ ಎಂಬ ಪುಟ್ಟ ತಂತ್ರಾಂಶ 1999ರಲ್ಲೇ ಬಂತು. ಅದರ ಹಿಂದಿದ್ದ ನಾರ್ವೆಯ ಯುವಕ ಯಾನ್ ಲೆಕ್ ಯೊಹಾನ್ಸನ್‌ನನ್ನು ಅಲ್ಲಿನ ನ್ಯಾಯಾಲಯ 2003ರಲ್ಲಿ ಖುಲಾಸೆ ಮಾಡಿತು. ಒಬ್ಬ ಬೀಗ ಮುರಿದರೆ ಸಾಕು, ಆಮೇಲೆ ಹರಡುವ ಪ್ರತಿಗಳಿಗೆ ಬೀಗದ ಹಂಗೇ ಇರುವುದಿಲ್ಲ. ಕದ್ದವನು ಬೇಕಾದ ಟಿವಿಯಲ್ಲಿ ನೋಡುತ್ತಾನೆ, ಕಾಸು ಕೊಟ್ಟವನು ಕಂಪನಿ ಒಪ್ಪಿದ ಸಾಧನದಲ್ಲಷ್ಟೇ ನೋಡಬೇಕು. ಸಂಗೀತದ ಅನುಭವವೂ ಇದೆ: 2009ರಲ್ಲಿ ಆಪಲ್ ತನ್ನ ಹಾಡುಗಳಿಂದ ಬೀಗ ತೆಗೆಯಿತು, ಅದರಿಂದ ಹಾಡಿನ ಮಾರಾಟವೇನೂ ನಿಂತುಹೋಗಲಿಲ್ಲ. ಬಾಡಿಗೆಗೆ ಪಡೆದ ಸಿನಿಮಾಕ್ಕೆ, ತಿಂಗಳ ಚಂದಾ ಸೇವೆಗೆ ಬೀಗ ಬೇಕೇಬೇಕು. ಅಲ್ಲಿ ಅವಧಿಯೇ ಒಪ್ಪಂದ. ಪೂರ್ತಿ ಬೆಲೆ ತೆತ್ತವರಿಗೂ ಅದೇ ಕಟ್ಟು ಹಾಕುವುದು ನ್ಯಾಯವಲ್ಲ.

ಕಾನೂನು ಏನನ್ನುತ್ತದೆ? ಅಮೆರಿಕದ 1998ರ ಡಿಎಂಸಿಎ ಕಾಯ್ದೆಯಲ್ಲಿ, ಕೆಲವು ವಿನಾಯಿತಿ ಬಿಟ್ಟರೆ, ಬೀಗ ಮುರಿಯುವುದೇ ತಪ್ಪು. ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಕಲಂ ಹೆಚ್ಚು ವಿವೇಕದ್ದು. ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಬೀಗ ಮುರಿದರೆ 2 ವರ್ಷದವರೆಗೆ ಜೈಲು, ಜೊತೆಗೆ ದಂಡ. ಕಾಯ್ದೆ ನಿಷೇಧಿಸದ ಉದ್ದೇಶಕ್ಕೆ ಅಡ್ಡಿಯಿಲ್ಲ. ಖಾಸಗಿ ಬಳಕೆಯ ನ್ಯಾಯಯುತ ವ್ಯವಹಾರಕ್ಕೆ 52ನೇ ಕಲಂ ಅವಕಾಶ ಕೊಡುತ್ತದೆ. ಆದ್ದರಿಂದ ಕೊಂಡ ಸಿನಿಮಾವನ್ನು ಸ್ವಂತಕ್ಕೆ ಬೇರೆ ಫಾರ್ಮ್ಯಾಟಿಗೆ ತರುವುದು ಕಳ್ಳತನವಲ್ಲ ಎಂದು ವಾದಿಸಲು ನೆಲೆಯಿದೆ. ಆದರೂ ವಾದ ಗೆಲ್ಲುವ ಹೊಣೆ ಗಿರಾಕಿಯ ತಲೆಗೇ ಏಕೆ? ಅಂಗಡಿ ಮುಚ್ಚುವ ಕಂಪನಿ ಬೀಗವಿಲ್ಲದ ಪ್ರತಿ ಕೊಡಬೇಕು, ಇಲ್ಲವೇ ಹಣ ಮರಳಿಸಬೇಕು ಎಂದು ಕಾನೂನೇ ಹೇಳಬೇಕು. ಅಲ್ಲಿಯವರೆಗೆ ಓದುಗರು ಮಾಡಬಹುದಾದದ್ದು ಇಷ್ಟು: ಫೈಲು ಬೀಗವಿಲ್ಲದೆ ಕೈಗೆ ಸಿಗುತ್ತದೆಯೇ ಎಂದು ಮೊದಲು ನೋಡಿ, ಸಿಗದಿದ್ದರೆ ಅದಕ್ಕೆ ಬಾಡಿಗೆಯ ಬೆಲೆಗಿಂತ ಹೆಚ್ಚು ಕೊಡಬೇಡಿ.