ಗಾಜಿಗೆ ಮಂಜು, ಕಣ್ಣಿಗೆ ಮರೆ

ಅದು ಆಷಾಢದ ಮಳೆ. ನಾವು ಹತ್ತು ಮಂದಿ ಹೆಂಗಸರು ವ್ಯಾನಿನಲ್ಲಿ ಧರ್ಮಸ್ಥಳಕ್ಕೆ ಹೊರಟಿದ್ದೆವು. ಕೊಟ್ಟಿಗೆಹಾರದಲ್ಲಿ ಇಳಿದು ನೀರುದೋಸೆ ತಿಂದೆವು. ಮತ್ತೆ ವ್ಯಾನು ಹತ್ತುವಾಗ ಸೀರೆ ಒದ್ದೆ, ಕೊಡೆಯೂ ಒದ್ದೆ. ಎರಚಲು ಬರುತ್ತದೆ ಎಂದು ಎಲ್ಲಾ ಕಿಟಕಿ ಮುಚ್ಚಿದೆವು.

ವ್ಯಾನು ಚಾರ್ಮಾಡಿ ಘಾಟಿ ಇಳಿಯತೊಡಗಿತು. ಮುಂದಿನ ಗಾಜು ಬೆಳ್ಳಗಾಯಿತು. ಡ್ರೈವರಣ್ಣ ಒಂದು ಕೈಯಲ್ಲಿ ಗಾಜು ಒರೆಸಿದರು. ಮತ್ತೆ ಮಂಜು ಕಟ್ಟಿತು. ತಿರುವಿನಲ್ಲಿ ಎದುರಿಗೆ ಬಸ್ಸು ಬಂತು. ತೀರಾ ಹತ್ತಿರ ಬರುವ ತನಕ ಕಾಣಲೇ ಇಲ್ಲ! ಗಕ್ಕನೆ ಬ್ರೇಕು ಹಾಕಿದರು. ನಾವು ಉಳಿದೆವು.

ಗಾಜು ಯಾಕೆ ಮಂಜಾಯಿತು?

ಅನ್ನ ಬೇಯುವಾಗ ಮುಚ್ಚಳ ತೆಗೆದು ನೋಡಿ. ಒಳಗೆ ನೀರಿನ ಹನಿ ಇರುತ್ತದೆ. ಹಬೆ ಮುಚ್ಚಳಕ್ಕೆ ತಾಗಿ ನೀರಾಗಿದೆ. ಗಾಜಿನ ಕತೆಯೂ ಇದೇ. ನಮ್ಮ ಉಸಿರಿನಲ್ಲಿ ನೀರಿನ ಆವಿ ಇದೆ. ಒದ್ದೆ ಬಟ್ಟೆಯಿಂದಲೂ ಆವಿ ಏಳುತ್ತದೆ. ಮಳೆಗೆ ಗಾಜು ತಣ್ಣಗಾಗಿರುತ್ತದೆ. ಆವಿ ಅದಕ್ಕೆ ತಾಗಿ ಸಣ್ಣ ಸಣ್ಣ ಹನಿಯಾಗುತ್ತದೆ. ಅದೇ ಮಂಜು. ವೈಪರ್ ಹೊರಗಿನ ನೀರನ್ನು ಮಾತ್ರ ಒರೆಸುತ್ತದೆ. ಒಳಗಿನ ಮಂಜು ಅದಕ್ಕೆ ಸಿಗುವುದಿಲ್ಲ.

ಏನು ಮಾಡಬೇಕು?

ಹೊರಡುವ ಮೊದಲು ಗಾಜಿನ ಒಳಭಾಗವನ್ನು ಒಣಬಟ್ಟೆಯಿಂದ ಚೆನ್ನಾಗಿ ಒರೆಸಬೇಕು. ಕೊಳೆ, ಜಿಡ್ಡು ಇದ್ದರೆ ಮಂಜು ಬೇಗ ಕಟ್ಟುತ್ತದೆ. ಬರಿಗೈಯಲ್ಲಿ ಒರೆಸಿದರೆ ಕೈಯ ಜಿಡ್ಡು ಗಾಜಿಗೆ ಹತ್ತುತ್ತದೆ.

ಕೊಡೆಯ ನೀರು ಕೊಡವಿ, ಪ್ಲಾಸ್ಟಿಕ್ ಚೀಲದಲ್ಲಿಡಬೇಕು.

ಎರಡೂ ಕಡೆ ಕಿಟಕಿ ಎರಡು ಬೆರಳಿನಷ್ಟು ತೆರೆದಿಡಬೇಕು. ಒಳಗಿನ ಆವಿ ಹೊರಗೆ ಹೋಗುತ್ತದೆ.

ಗಾಡಿಯಲ್ಲಿ ಏಸಿ ಇದ್ದರೆ ಹಾಕಿ, ಗಾಳಿಯನ್ನು ಮುಂದಿನ ಗಾಜಿನ ಕಡೆಗೆ ಬಿಡಬೇಕು. ಏಸಿ ಗಾಳಿಯ ತೇವ ತೆಗೆಯುತ್ತದೆ. ಒಳಗಿನ ಗಾಳಿಯೇ ಸುತ್ತುತ್ತಿರಬಾರದು. ಹೊರಗಿನ ಗಾಳಿ ಬರುವ ಗುಂಡಿ ಒತ್ತಬೇಕು.

ಘಟ್ಟದ ಕೆಳಗೆ ಸೆಕೆ. ಅಲ್ಲಿ ಏಸಿ ಜೋರಾದರೆ ಗಾಜಿನ ಹೊರಗಡೆ ಮಂಜು ಕಟ್ಟಬಹುದು. ತಣ್ಣೀರು ತುಂಬಿದ ಲೋಟದ ಹೊರಗೆ ಹನಿ ಕೂರುವುದಿಲ್ಲವೇ? ಹಾಗೆಯೇ. ಆಗ ವೈಪರ್ ಹಾಕಿ, ಏಸಿಯ ತಂಪು ಕಡಿಮೆ ಮಾಡಿದರೆ ಸಾಕು.

ಏನು ಮಾಡಿದರೂ ದಾರಿ ಕಾಣದಿದ್ದರೆ ನಿಧಾನ ಮಾಡಿ, ತಿರುವು ಇಲ್ಲದ ಅಗಲ ಜಾಗ ನೋಡಿ ಗಾಡಿ ನಿಲ್ಲಿಸಬೇಕು. ಗಾಜು ತಿಳಿಯಾದ ಮೇಲೆ ಹೊರಡಬೇಕು.

ಅವತ್ತು ನಮಗೆಲ್ಲ ಭಯವಾಗಿತ್ತು. ಆದರೂ ಬಾಯಿ ಬಿಡಲಿಲ್ಲ. "ಡ್ರೈವರಿಗೆ ಹೆಂಗಸರು ಹೇಳೋದು ಹೆಂಗೆ?" ಅಂತ ಸುಮ್ಮನೆ ಕೂತೆವು. ಬಸ್ಸು ಹಾದುಹೋದ ಮೇಲೆ ಹಿಂದೆ ಕೂತಿದ್ದ ಅಜ್ಜಿ ಕೂಗಿದರು, "ಅಣ್ಣಾ, ಗಾಡಿ ನಿಲ್ಸಪ್ಪಾ. ಗಾಜು ಒರ್ಸಿ ಹೋಗಾಣ." ಅವರು ನಿಲ್ಲಿಸಿದರು. ಬಟ್ಟೆಯಲ್ಲಿ ಗಾಜು ಒರೆಸಿದರು. ನಾವು ಕಿಟಕಿ ತೆರೆದೆವು. ಸ್ವಲ್ಪ ಹೊತ್ತಿಗೆ ದಾರಿ ಕಂಡಿತು. ಒಂದಿಷ್ಟು ಎರಚಲು ಬಿತ್ತು, ಬೀಳಲಿ.

ಗಾಡಿ ಓಡಿಸುವವರು ಒಬ್ಬರು. ಜೀವ ಎಲ್ಲರದೂ. ಗಾಜು ಮಂಜಾದರೆ ನಾವು ಬಾಯಿ ಬಿಟ್ಟು ಹೇಳೋಣ.