ಗವರ್ನರರು ಊರಿನಲ್ಲಿಲ್ಲದಾಗ

2002ನೆಯ ಇಸವಿಯ ಜನವರಿ ತಿಂಗಳಲ್ಲಿ ಅಮೆರಿಕದ ನ್ಯೂಜರ್ಸಿ ಸಂಸ್ಥಾನವು ಎಂಟು ದಿನಗಳ ಅವಧಿಯಲ್ಲಿ ಐವರು ಗವರ್ನರರನ್ನು ಕಂಡಿತು. ಅಲ್ಲಿ ಕ್ರಾಂತಿಯೇನೂ ಆಗಿರಲಿಲ್ಲ. ಯಾರೂ ಯಾರನ್ನೂ ಪದಚ್ಯುತಗೊಳಿಸಿರಲಿಲ್ಲ. ಚುನಾಯಿತ ಗವರ್ನರ್ ಕ್ರಿಸ್ಟೀನ್ ವಿಟ್ಮನ್ ಅವರು ಹಿಂದಿನ ವರ್ಷವೇ ಕೇಂದ್ರ ಸರ್ಕಾರದ ಪರಿಸರ ಸಂರಕ್ಷಣಾ ಸಂಸ್ಥೆಯ ಮುಖ್ಯಸ್ಥರಾಗಿ ವಾಷಿಂಗ್ಟನ್ನಿಗೆ ತೆರಳಿದ್ದರು. ಅಂದಿನಿಂದ ಸಂಸ್ಥಾನದ ಮೇಲ್ಮನೆಯಾದ ಸೆನೆಟ್ಟಿನ ಅಧ್ಯಕ್ಷ ಡೊನಾಲ್ಡ್ ಡಿಫ್ರಾನ್ಸೆಸ್ಕೊ ಹಂಗಾಮಿಯಾಗಿ ಆ ಹೊಣೆಯನ್ನು ಹೊತ್ತಿದ್ದರು. ಜನವರಿ 8ರಂದು ಅವರ ಸದಸ್ಯತ್ವದ ಅವಧಿ ಮುಗಿಯಿತು. ಹೊಸ ಸೆನೆಟ್ ಪ್ರಮಾಣವಚನ ಸ್ವೀಕರಿಸುವವರೆಗೆ ಅಟಾರ್ನಿ ಜನರಲ್ ಜಾನ್ ಫಾರ್ಮರ್ ಗವರ್ನರಾದರು. ಅವರ ಆಳ್ವಿಕೆ ಸುಮಾರು ಒಂದೂವರೆ ಗಂಟೆ. ಒಂದು ಚಲನಚಿತ್ರ ಮುಗಿಯುವಷ್ಟು ಹೊತ್ತೂ ಇಲ್ಲ! ಹೊಸ ಸೆನೆಟ್ಟಿನಲ್ಲಿ ಎರಡು ಪಕ್ಷಗಳಿಗೂ ತಲಾ 20 ಸ್ಥಾನಗಳು ಬಂದಿದ್ದುದರಿಂದ ಅಧ್ಯಕ್ಷರೂ ಇಬ್ಬರಾಗಿದ್ದರು. ಅಣ್ಣತಮ್ಮಂದಿರು ಬಾವಿಯ ನೀರಿನ ಸರದಿಯನ್ನು ಹಂಚಿಕೊಂಡಂತೆ ಜಾನ್ ಬೆನೆಟ್ ಮೂರೂವರೆ ದಿನ, ರಿಚರ್ಡ್ ಕೋಡಿ ಮೂರೂವರೆ ದಿನ ಗವರ್ನರ್ ಪದವಿಯನ್ನು ಅನುಭವಿಸಿದರು. ಜನವರಿ 15ರಂದು ಜನರು ಆರಿಸಿದ್ದ ಜೇಮ್ಸ್ ಮೆಕ್‌ಗ್ರೀವಿ ಅಧಿಕಾರ ವಹಿಸಿಕೊಂಡ ಮೇಲೆ ಈ ಸರದಿ ನಿಂತಿತು.

ಇಷ್ಟೆಲ್ಲ ಪೇಚಾಟಕ್ಕೆ ಕಾರಣ, ಆ ಸಂಸ್ಥಾನದಲ್ಲಿ ಲೆಫ್ಟಿನೆಂಟ್ ಗವರ್ನರ್, ಎಂದರೆ ಉಪಗವರ್ನರ್, ಎಂಬ ಪದವಿಯೇ ಇಲ್ಲದಿದ್ದುದು.

ದೆಹಲಿ, ಪುದುಚೇರಿಗಳ ಲೆಫ್ಟಿನೆಂಟ್ ಗವರ್ನರರನ್ನು ಬಲ್ಲ ವಾಚಕರು ಇಲ್ಲಿ ಕೊಂಚ ಎಚ್ಚರ ವಹಿಸಬೇಕು. ಭಾರತದಲ್ಲಿ ಅವರು ರಾಷ್ಟ್ರಪತಿಗಳಿಂದ ನೇಮಕಗೊಂಡು ಕೇಂದ್ರದ ಪರವಾಗಿ ಕುಳಿತವರು. ಅಮೆರಿಕದ ಗವರ್ನರಾದರೋ ಜನರಿಂದಲೇ ಆಯ್ಕೆಯಾಗಿ ಸಂಸ್ಥಾನವನ್ನು ನಡೆಸುವವರು. ಅಧಿಕಾರದಲ್ಲಿ ಇಲ್ಲಿನ ಮುಖ್ಯಮಂತ್ರಿಗಳಿಗೆ ಹತ್ತಿರ. ಹಾಗೆಂದು ಉಪಗವರ್ನರನ್ನು ಉಪಮುಖ್ಯಮಂತ್ರಿಯೆಂದು ತಿಳಿಯುವುದೂ ಸರಿಯಲ್ಲ. ಉಪಮುಖ್ಯಮಂತ್ರಿ ಎಂಬ ಹೆಸರು ಭಾರತದ ಸಂವಿಧಾನದಲ್ಲಿಲ್ಲ. ಅದು ರಾಜಕೀಯ ಹೊಂದಾಣಿಕೆಯ ಫಲ. ಉಪಗವರ್ನರನಿಗಾದರೆ ಸಂಸ್ಥಾನದ ಸಂವಿಧಾನದಲ್ಲಿಯೇ ಅಥವಾ ಶಾಸನದಲ್ಲಿಯೇ ಸ್ಥಾನವುಂಟು. ಗವರ್ನರ್ ಮೃತನಾದರೆ, ರಾಜೀನಾಮೆ ಕೊಟ್ಟರೆ ಅಥವಾ ಪದಚ್ಯುತನಾದರೆ ಮರುಗಳಿಗೆಯಲ್ಲಿ ಆ ಪೀಠ ಅವನದು.

ಪದವಿ ಬಹಳ ಹಳೆಯದು. ಬ್ರಿಟಿಷ್ ದೊರೆತನದ ವಸಾಹತುಗಳಲ್ಲಿಯೇ ಇದು ಇತ್ತು. ಸ್ವಾತಂತ್ರ್ಯ ಸಮರದ ನಡುವೆ 1777ರಲ್ಲಿ ನ್ಯೂಯಾರ್ಕ್ ರಚಿಸಿಕೊಂಡ ಸಂವಿಧಾನವು ಜನರಿಂದ ಚುನಾಯಿತನಾದ ಉಪಗವರ್ನರನನ್ನು ಸೆನೆಟ್ಟಿನ ಅಧ್ಯಕ್ಷಪೀಠದಲ್ಲಿ ಕೂರಿಸಿ ನಿರ್ಣಾಯಕ ಮತವನ್ನು ಕೊಟ್ಟಿತು. ರಾಷ್ಟ್ರಕ್ಕೊಬ್ಬ ಉಪಾಧ್ಯಕ್ಷ ಏತಕ್ಕೆ ಎಂಬ ಆಕ್ಷೇಪ ಎದ್ದಾಗ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಎತ್ತಿ ತೋರಿಸಿದ ನಿದರ್ಶನ ಈ ಉಪಗವರ್ನರನೇ. ಐವತ್ತು ಸಂಸ್ಥಾನಗಳಲ್ಲಿ ಬಹುಪಾಲು ಇದೇ ದಾರಿಯನ್ನು ಹಿಡಿದವು. ಮೇಯ್ನ್, ನ್ಯೂಹ್ಯಾಂಪ್‌ಷೈರುಗಳಲ್ಲಿ ಸೆನೆಟ್ ಅಧ್ಯಕ್ಷನೇ ಉತ್ತರಾಧಿಕಾರಿ; ಆರೆಗಾನ್, ವಯೋಮಿಂಗ್‌ಗಳಲ್ಲಿ ಸಂಸ್ಥಾನದ ಕಾರ್ಯದರ್ಶಿ. ಅರಿಜೋನದ ಮತದಾರರು ಮಾತ್ರ 2022ರಲ್ಲಿ ಮನಸ್ಸು ಬದಲಿಸಿ, 2026ರ ಚುನಾವಣೆಯಿಂದ ಉಪಗವರ್ನರ್ ಇರಲೆಂದು ಒಪ್ಪಿದರು.

ಅಣ್ಣ ಕಾಡಿಗೆ ಹೋದಾಗ ಪಾದುಕೆಗಳನ್ನು ಸಿಂಹಾಸನದ ಮೇಲಿರಿಸಿ ರಾಜ್ಯವಾಳಿದ ಭರತನ ಕಥೆಯನ್ನು ಕೇಳಿ ಬೆಳೆದವರಿಗೆ ಕ್ಯಾಲಿಫೋರ್ನಿಯದ ಕಥೆ ವಿಪರೀತವೆಂದು ತೋರಬಹುದು. ಗವರ್ನರ್ ಸಂಸ್ಥಾನದ ಗಡಿ ದಾಟಿದೊಡನೆ ಅಧಿಕಾರ ಉಪಗವರ್ನರನಿಗೆ ಬರುತ್ತದೆಂಬುದು ಅಲ್ಲಿನ ವಿಧಿ. ಕುದುರೆಗಾಡಿಯ ಕಾಲಕ್ಕೆ ಇದು ವಿವೇಕದ ಮಾತೇ ಆಗಿತ್ತು. 1979ರಲ್ಲಿ ಗವರ್ನರಾಗಿದ್ದವರು ಡೆಮೊಕ್ರಾಟಿಕ್ ಪಕ್ಷದ ಜೆರ‍್ರಿ ಬ್ರೌನ್. ಉಪಗವರ್ನರ್ ರಿಪಬ್ಲಿಕನ್ ಪಕ್ಷದ ಮೈಕ್ ಕರ್ಬ್. ಬ್ರೌನರು ರಾಷ್ಟ್ರಾಧ್ಯಕ್ಷ ಪದವಿಯ ಮೇಲೆ ಕಣ್ಣಿಟ್ಟು ಹೊರಗೆ ಸಂಚರಿಸುತ್ತಿದ್ದಾಗ ಕರ್ಬ್ ಮೇಲ್ಮನವಿ ನ್ಯಾಯಾಲಯಕ್ಕೆ ಒಬ್ಬ ನ್ಯಾಯಾಧೀಶರನ್ನೇ ನೇಮಿಸಿಬಿಟ್ಟರು! ಬ್ರೌನ್ ಹಿಂತಿರುಗಿ ನೇಮಕವನ್ನು ರದ್ದುಗೊಳಿಸಿದರು. ವ್ಯಾಜ್ಯ ಸಂಸ್ಥಾನದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಗವರ್ನರಿಲ್ಲದಾಗ ಉಪಗವರ್ನರ್ ಅಧಿಕಾರ ಚಲಾಯಿಸಬಹುದು, ಆದರೆ ನೇಮಕ ಸ್ಥಿರಪಡುವ ಮುನ್ನ ಮರಳಿದ ಗವರ್ನರ್ ಅದನ್ನು ಹಿಂತೆಗೆದುಕೊಳ್ಳಬಹುದು ಎಂದು ಅದು ತೀರ್ಪಿತ್ತಿತು. ಇಬ್ಬರೂ ಗೆದ್ದಂತೆ, ಇಬ್ಬರೂ ಸೋತಂತೆ!

ಪಕ್ಷ ಬೇರೆಯಾದುದರಿಂದ ಹೀಗಾಯಿತೆನ್ನೋಣವೆಂದರೆ ಐಡಹೊ ಸಂಸ್ಥಾನದ ಪ್ರಸಂಗ ಅಡ್ಡ ಬರುತ್ತದೆ. ಅಲ್ಲಿ ಗವರ್ನರ್ ಬ್ರಾಡ್ ಲಿಟಲ್, ಉಪಗವರ್ನರ್ ಜಾನಿಸ್ ಮೆಕ್‌ಗೀಚಿನ್ ಇಬ್ಬರೂ ರಿಪಬ್ಲಿಕನ್ನರೇ. 2021ರ ಮೇ ತಿಂಗಳಲ್ಲಿ ಲಿಟಲ್ ಪರಸ್ಥಳದ ಸಭೆಗೆಂದು ಹೋದಾಗ ಆಕೆ, ಕೋವಿಡ್ ಕಾಲದ ಮುಖಗವಸನ್ನು ಶಾಲೆಗಳಾಗಲಿ ಸ್ಥಳೀಯ ಸಂಸ್ಥೆಗಳಾಗಲಿ ಕಡ್ಡಾಯಗೊಳಿಸಕೂಡದೆಂದು ಆಜ್ಞೆ ಹೊರಡಿಸಿದರು. ಆಜ್ಞೆ ಬದುಕಿದ್ದು ಒಂದೇ ದಿನ. ಲಿಟಲ್ ಬಂದವರೇ ಅದನ್ನು ರದ್ದುಪಡಿಸಿದರು. ಅಕ್ಟೋಬರಿನಲ್ಲಿ ಇದೇ ಬಗೆಯ ಆಟ ಮತ್ತೊಮ್ಮೆ ನಡೆಯಿತು. ಮುಂದಿನ ವರ್ಷ ಆಕೆ ಗವರ್ನರ್ ಪದವಿಗಾಗಿ ಪಕ್ಷದೊಳಗೇ ಲಿಟಲ್ ವಿರುದ್ಧ ನಿಂತು ಸೋತರು.

ಈ ಎರಡು ಸಂಸ್ಥಾನಗಳಲ್ಲಿಯೂ ಗವರ್ನರಿಗೊಂದು, ಉಪಗವರ್ನರಿಗೊಂದು ಪ್ರತ್ಯೇಕ ಮತ. ಜೊತೆಗಾರನನ್ನು ತಾನೇ ಆರಿಸಿಕೊಳ್ಳದವನು ಮನೆ ಬಿಟ್ಟು ಹೊರಡುವಾಗ ಬೀಗದ ಕೈಯನ್ನು ಕೊಡಲು ಹಿಂಜರಿದರೆ ಅಚ್ಚರಿಯಿಲ್ಲ. ಈ ತೊಡಕನ್ನು ಕಂಡೇ ನ್ಯೂಯಾರ್ಕ್ 1953ರಲ್ಲಿ ತನ್ನ ಸಂವಿಧಾನವನ್ನು ತಿದ್ದಿ, ಇಬ್ಬರಿಗೂ ಸೇರಿ ಒಂದೇ ಮತವೆಂಬ ಪದ್ಧತಿಯನ್ನು ತಂದಿತು. ಕಾಲಕ್ರಮದಲ್ಲಿ ಬಹು ಸಂಸ್ಥಾನಗಳು ಅದನ್ನು ಅನುಸರಿಸಿದವು. ಹೈದರಾಬಾದಿನಲ್ಲಿ ಜನಿಸಿದ ಅರುಣಾ ಮಿಲ್ಲರ್ 2023ರ ಜನವರಿಯಲ್ಲಿ ಮೇರಿಲ್ಯಾಂಡಿನ ಉಪಗವರ್ನರಾದದ್ದು ಹೀಗೆ ಗವರ್ನರ್ ವೆಸ್ ಮೂರ್ ಅವರ ಜೊತೆಗಾತಿಯಾಗಿ.

ಆದರೆ ಒಂದೇ ಮತವೆಂದ ಮಾತ್ರಕ್ಕೆ ಒಂದೇ ಮನಸ್ಸೇ? ಪಕ್ಷದ ಉಮೇದುವಾರರನ್ನು ಗೊತ್ತುಮಾಡುವ ಪ್ರಾಥಮಿಕ ಚುನಾವಣೆಯಲ್ಲಿ ಇಬ್ಬರನ್ನೂ ಬೇರೆಬೇರೆಯಾಗಿ ಆರಿಸಿ, ಆಮೇಲೆ ಗಂಟು ಹಾಕುವ ವಾಡಿಕೆ ಇಲಿನಾಯ್ ಸಂಸ್ಥಾನದಲ್ಲಿತ್ತು. ಮುಖ ನೋಡದೆ ಮಾಡಿದ ಮದುವೆ! 1986ರಲ್ಲಿ ಅಡ್ಲೈ ಸ್ಟೀವನ್ಸನ್ (ಎರಡು ಬಾರಿ ರಾಷ್ಟ್ರಾಧ್ಯಕ್ಷ ಪದವಿಗೆ ನಿಂತಿದ್ದ ಸ್ಟೀವನ್ಸನ್ನರ ಮಗ) ಡೆಮೊಕ್ರಾಟಿಕ್ ಉಮೇದುವಾರರಾಗಿ ಗೆದ್ದಾಗ, ಜೊತೆಗೆ ಗೆದ್ದು ಬಂದವನು ಲಿಂಡನ್ ಲರೂಷ್ ಎಂಬ ಉಗ್ರಪಂಥೀಯನ ಅನುಯಾಯಿ. ಸ್ಟೀವನ್ಸನ್ ಪಕ್ಷದ ಟಿಕೆಟ್ಟನ್ನೇ ತೊರೆದು ಹೊಸ ಪಕ್ಷ ಕಟ್ಟಿ ನಿಂತರು, ಸೋತರು. ಅಷ್ಟಕ್ಕೂ ಇಲಿನಾಯ್ ಪಾಠ ಕಲಿಯಲಿಲ್ಲ. 2010ರಲ್ಲಿ ಚಿಕಾಗೊ ನಗರದ ಗಿರವಿ ಅಂಗಡಿಯ ಮಾಲೀಕನೊಬ್ಬನು ಅದೇ ಬಗೆಯಾಗಿ ಗೆದ್ದನು. ಅವನ ಖಾಸಗಿ ಬದುಕಿನ ಹಳೆಯ ಸಂಗತಿಗಳು ಬಯಲಾಗಲು, ಐದೇ ದಿನಗಳಲ್ಲಿ ಕಣದಿಂದ ಸರಿದನು. ಪ್ರಾಥಮಿಕ ಹಂತದಲ್ಲಿಯೂ ಇಬ್ಬರೂ ಜೋಡಿಯಾಗಿಯೇ ನಿಲ್ಲಬೇಕೆಂಬ ಕಾನೂನು ಆ ಮೇಲೆ ಬಂದಿತು.

ಹೀಗೆಂದು ಪ್ರತ್ಯೇಕ ಚುನಾವಣೆಯನ್ನು ತೆಗಳಲು ಹೊರಟವರನ್ನು ಟೆಕ್ಸಾಸ್ ತಡೆಯುತ್ತದೆ. ಅಲ್ಲಿನ ಉಪಗವರ್ನರ್ ಕಾದು ಕುಳಿತವನಲ್ಲ. 31 ಸದಸ್ಯರ ಸೆನೆಟ್ಟಿನ ಸಮಿತಿಗಳನ್ನು ನೇಮಿಸುವವನು ಅವನೇ, ಯಾವ ಮಸೂದೆ ಎಲ್ಲಿಗೆ ಹೋಗಬೇಕೆಂದು ಗೊತ್ತುಮಾಡುವವನೂ ಅವನೇ. ಸಂಬಳ ಮಾತ್ರ ಸೆನೆಟ್ ಸದಸ್ಯನಿಗಿರುವಂತೆ ತಿಂಗಳಿಗೆ 600 ಡಾಲರು! ಡೆಮೊಕ್ರಾಟಿಕ್ ಪಕ್ಷದ ಬಾಬ್ ಬುಲಕ್ 1995ರಿಂದ ನಾಲ್ಕು ವರ್ಷ ಈ ಪೀಠದಲ್ಲಿದ್ದುಕೊಂಡು ರಿಪಬ್ಲಿಕನ್ ಗವರ್ನರ್ ಜಾರ್ಜ್ ಬುಷ್ ಅವರೊಡನೆ ಸೌಹಾರ್ದದಿಂದ ಕೆಲಸ ಮಾಡಿದರು. 1998ರ ಚುನಾವಣೆಯಲ್ಲಿ ತಮ್ಮ ಪಕ್ಷದವನನ್ನು ಬಿಟ್ಟು ಬುಷ್ ಅವರನ್ನೇ ಬೆಂಬಲಿಸಿದರು. ವ್ಯಕ್ತಿಯ ಗುಣದ ಮುಂದೆ ಆಯ್ಕೆಯ ಪದ್ಧತಿ ಕೆಲವೊಮ್ಮೆ ಸಣ್ಣದಾಗುವುದುಂಟು.

ಆ ಪೀಠ ಬರಿದಾದರೆ ಏನಾಗುವುದೆಂಬುದು ನ್ಯೂಯಾರ್ಕಿಗೆ ಗೊತ್ತು. 2008ರಲ್ಲಿ ಗವರ್ನರ್ ಎಲಿಯಟ್ ಸ್ಪಿಟ್ಜರ್ ರಾಜೀನಾಮೆ ಕೊಡಲು ಉಪಗವರ್ನರ್ ಡೇವಿಡ್ ಪ್ಯಾಟರ್ಸನ್ ಮೇಲೇರಿದರು. ಅವರ ಸ್ಥಾನ ತೆರವಾಗಿಯೇ ಉಳಿಯಿತು. ಮರುವರ್ಷದ ಜೂನ್ ತಿಂಗಳಲ್ಲಿ ಪಕ್ಷಾಂತರದಿಂದಾಗಿ ಸೆನೆಟ್ 31-31 ಎಂದು ಒಡೆದು, ನಿರ್ಣಾಯಕ ಮತ ಹಾಕುವವರಿಲ್ಲದೆ ಒಂದು ತಿಂಗಳು ಕಲಾಪ ಸ್ತಬ್ಧವಾಯಿತು. ಪ್ಯಾಟರ್ಸನ್ ಧೈರ್ಯ ಮಾಡಿ ರಿಚರ್ಡ್ ರಾವಿಚ್ ಅವರನ್ನು ನೇಮಿಸಿದ ಮರುದಿನವೇ ಪಕ್ಷ ಬಿಟ್ಟಿದ್ದಾತ ಮರಳಿ ಬಂದನು! ಆ ನೇಮಕ ಕ್ರಮಬದ್ಧವೆಂದು ಸಂಸ್ಥಾನದ ಅತ್ಯುನ್ನತ ನ್ಯಾಯಾಲಯ 4-3ರ ಬಹುಮತದಿಂದ ಹೇಳಿತು.

ಇತ್ತ ನ್ಯೂಜರ್ಸಿಗೆ 2004ರಲ್ಲಿ ಮತ್ತೆ ಅದೇ ಗತಿ ಒದಗಿತು. ಮೆಕ್‌ಗ್ರೀವಿ ರಾಜೀನಾಮೆ ಕೊಟ್ಟರು. ಅದೇ ರಿಚರ್ಡ್ ಕೋಡಿ ಈ ಬಾರಿ ಒಂದು ವರ್ಷಕ್ಕೂ ಮೇಲ್ಪಟ್ಟು ಸೆನೆಟ್ ಅಧ್ಯಕ್ಷರೂ ಆಗಿ ಗವರ್ನರೂ ಆಗಿ ಉಳಿದರು. ಶಾಸಕಾಂಗ, ಕಾರ್ಯಾಂಗಗಳೆರಡರ ಚುಕ್ಕಾಣಿಯೂ ಒಬ್ಬರ ಕೈಯಲ್ಲಿ! 2005ರಲ್ಲಿ ಜನರು ಮತ ಕೊಟ್ಟು ಉಪಗವರ್ನರ್ ಪದವಿಯನ್ನು ಸೃಷ್ಟಿಸಿದರು. ಗವರ್ನರ್ ಉಮೇದುವಾರನೇ ತನ್ನ ಜೊತೆಗಾರನನ್ನು ಆರಿಸಬೇಕು. ಉಪಗವರ್ನರ್ ಸುಮ್ಮನೆ ಕೂರದೆ ಒಂದು ಇಲಾಖೆಯನ್ನು ನಡೆಸಬೇಕು. ಸ್ಥಾನ ತೆರವಾದರೆ 45 ದಿನಗಳೊಳಗೆ ತುಂಬಬೇಕು. 2010ರ ಜನವರಿಯಲ್ಲಿ ಕಿಮ್ ಗ್ವಾಡಾನೊ ಮೊದಲಿಗರಾಗಿ ಬಂದರು.

ಎರಡನೆಯವರು ಶೀಲಾ ಆಲಿವರ್. 2023ರ ಜುಲೈ ಕೊನೆಯಲ್ಲಿ ಗವರ್ನರ್ ಫಿಲ್ ಮರ್ಫಿ ವಿರಾಮಕ್ಕೆಂದು ಇಟಲಿಗೆ ಹೋಗಿದ್ದಾಗ, ಹಂಗಾಮಿ ಗವರ್ನರಾಗಿದ್ದ ಆಲಿವರ್ ಹಠಾತ್ತನೆ ಅಸ್ವಸ್ಥರಾದರು. ಅಧಿಕಾರ ಹಳೆಯ ಕಾಲದಂತೆ ಸೆನೆಟ್ ಅಧ್ಯಕ್ಷ ನಿಕೋಲಸ್ ಸ್ಕುಟಾರಿ ಅವರಿಗೆ ಹೋಯಿತು. ಆಗಸ್ಟ್ 1ರಂದು ಆಲಿವರ್ ತೀರಿಕೊಂಡರು. ಸೆಪ್ಟೆಂಬರಿನಲ್ಲಿ, ಗಡುವು ಮೀರುವ ಮುನ್ನ, ಸಂಸ್ಥಾನದ ಕಾರ್ಯದರ್ಶಿಯಾಗಿದ್ದ ಟಹೀಶಾ ವೇ ಅವರನ್ನು ಮರ್ಫಿ ಆ ಸ್ಥಾನಕ್ಕೆ ನೇಮಿಸಿದರು.